ಮಸೀದಿ ಮಳಿಗೆಯ ಬಾಡಿಗೆ, ಊರಿನ ನೀರು

ರಾಯಚೂರಿನ ಚಹಾದಂಗಡಿಯಲ್ಲಿ ಈ ವಾರ ಮತ್ತೆ ವಕ್ಫ್ ಜಗಳ. ಜಮೀನು ವಕ್ಫ್‌ಗೆ ಸೇರಿದ್ದೆಂದು ವಿಜಯಪುರದ ರೈತರಿಗೆ 2024ರಲ್ಲಿ ಹೋಗಿದ್ದ ನೋಟಿಸು, ವಕ್ಫ್ ಕಾಯ್ದೆಯ 2025ರ ತಿದ್ದುಪಡಿ, ವಕ್ಫ್ ಆಸ್ತಿ ನೋಂದಣಿಯ ಉಮೀದ್ ಪೋರ್ಟಲ್ ಎಲ್ಲವೂ ಬಂದುಹೋದವು. ಒಂದು ತಾಸು ಕೂತೆ. ಜಮೀನು ಯಾರದು ಎಂದೇ ಎಲ್ಲರೂ ಕಿತ್ತಾಡಿದರು. ಅದರ ಆದಾಯ ಎಲ್ಲಿ ಹೋಗುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ಸಿಟ್ಟು ಬಂತು, ಎದ್ದುಬಂದೆ.

ನನ್ನ ಹಳೆಯ ತಕರಾರು ಇದೇ: ಬಾಡಿಗೆ. ಪರಿಚಯದವರೊಬ್ಬರು ಮಸೀದಿಗೆ ಸೇರಿದ ಮಳಿಗೆಯನ್ನು ಅಪ್ಪನ ಕಾಲದಿಂದ ಹಿಡಿದಿದ್ದಾರೆ. ತಿಂಗಳಿಗೆ ಅವರು ಕಟ್ಟುವ ಬಾಡಿಗೆಯಲ್ಲಿ ಒಂದು ಜೊತೆ ಚಪ್ಪಲಿ ಬರುವುದಿಲ್ಲ. ಒಳಬಾಡಿಗೆಗೆ ಕೊಟ್ಟು ಎಣಿಸಿಕೊಳ್ಳುವುದು ಮಾತ್ರ ಸಾವಿರಗಳಲ್ಲಿ. ಬಹಿರಂಗ ಹರಾಜಿನಲ್ಲೇ ಗುತ್ತಿಗೆ ಕೊಡಬೇಕೆಂದು 2014ರ ವಕ್ಫ್ ಗುತ್ತಿಗೆ ನಿಯಮ ಹೇಳುತ್ತದೆ. ರಾಜ್ಯದ ಸುಮಾರು 54 ಸಾವಿರ ಎಕರೆ ವಕ್ಫ್ ಭೂಮಿಯಲ್ಲಿ 27 ಸಾವಿರ ಎಕರೆ ಪರರ ಪಾಲಾಗಿದೆ ಎಂದು ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅನ್ವರ್ ಮಾಣಿಪ್ಪಾಡಿ ವರದಿ 2012ರಲ್ಲೇ ಆರೋಪಿಸಿತು. ಅದು ಭಾಷಣಗಳಿಗೆ ಒದಗಿತು, ನೀರಿಗೆ ಒದಗಲಿಲ್ಲ.

ಹೌದು, ನೀರು. ಮದೀನಾದಲ್ಲಿ ಸಿಹಿನೀರು ದುಡ್ಡಿಗೆ ಮಾರಾಟವಾಗುತ್ತಿದ್ದ ರೂಮಾ ಬಾವಿಯನ್ನು ಪ್ರವಾದಿಯವರ ಒಡನಾಡಿ ಹಜರತ್ ಉಸ್ಮಾನ್ ಕೊಂಡು ಜನರಿಗೆ ಬಿಟ್ಟುಕೊಟ್ಟರು. ವಕ್ಫ್ ಎಂದಾಗ ನನಗೆ ಮೊದಲು ನೆನಪಾಗುವುದು ಆ ಬಾವಿ. ಕೃಷ್ಣೆ, ತುಂಗಭದ್ರೆಯರ ನಡುವಿನ ರಾಯಚೂರಿನಲ್ಲಿ 2022ರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆದರೆ ಫ್ಲೋರೈಡ್. ಮಸೀದಿ, ದರ್ಗಾಗಳ ಮಳಿಗೆಗಳಿಗೆ ಪೇಟೆಯ ದರದಲ್ಲಿ ಬಾಡಿಗೆ ಬಂದರೆ ಈ ಮೂರು ಊರುಗಳಲ್ಲಿ ಕೆಲವು ಓಣಿಗಳಿಗಾದರೂ ಶುದ್ಧ ನೀರಿನ ಘಟಕ ನಡೆಸಬಹುದು. ಬಿಂದಿಗೆ ಹಿಡಿದು ಬಂದವರ ಜಾತಿ ಕೇಳಬೇಕಿಲ್ಲ.

ಆಸ್ತಿ ದಾನ ಮಾಡಿದ ವಾಕಿಫ್, ಮಸೀದಿಯ ದೀಪಕ್ಕೆಂದು ಬಿಟ್ಟದ್ದು ದೀಪಕ್ಕೇ ಇರಲಿ. ಆ ಇಚ್ಛೆ ಮುರಿಯುವ ಹಕ್ಕು ಆಸ್ತಿ ನೋಡಿಕೊಳ್ಳುವ ಮುತವಲ್ಲಿಗೂ ಇಲ್ಲ, ಮಂತ್ರಿಗೂ ಇಲ್ಲ. ಬಡವರಿಗೆಂದು, ಧರ್ಮಕಾರ್ಯಕ್ಕೆಂದು ಬಿಟ್ಟದ್ದರ ಬಗ್ಗೆ ನನ್ನ ಮಾತು. ಹಾಗೆಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಎಂದದ್ದು 2002ರಲ್ಲಿ. ಪೈಪು ಹಾಕಿಸುವುದು ಸರ್ಕಾರದ ಸಾಲ, ದರ್ಗಾದ್ದಲ್ಲ.

‘ವಕ್ಫ್ ಉಳಿಸಿ’ ಎಂದು ಮೈಕಿನಲ್ಲಿ ಕೂಗುವ ಮುಖಂಡರಿಗೆ ಒಂದೇ ಮಾತು: ಮುಂದಿನ ಸಭೆಗೆ ಬರುವಾಗ ನಿಮ್ಮ ಮಳಿಗೆಯ ಬಾಡಿಗೆ ರಸೀದಿ ತನ್ನಿ.