ಕಾರಲ್ಲಿ ಕೂತಿದೆ ಡಿಜಿಟಲ್ ರೇಡಿಯೋ, ಸಂಸೆಗೆ ಬರಬೇಕಲ್ಲ ಹಾಡು!

ಚಿತ್ರರಸಿಕ ಮಿತ್ರರೇ, ಈ ವಾರ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ನಾಯಕ-ನಿರ್ಮಾಪಕರ ಜಗಳವೂ ಇಲ್ಲ. ಆದರೂ ಪುಟ ತಿರುವಬೇಡಿ, ಒಂದ್ನಿಮಿಷ ತಾಳಿ! ಈ ವಾರದ ನಮ್ಮ ಹೀರೋ ಒಂದು ಪೆಟ್ಟಿಗೆ. ಕಾರಿನ ಸ್ಟೇರಿಂಗ್ ಪಕ್ಕದಲ್ಲಿ, ಗೇರಿನ ಮೇಲೆ, ಗಾಜಿನ ಮುಖ ಹೊತ್ತು ಕೂತಿರುತ್ತದಲ್ಲ, ಅದೇ.

ನಿಮ್ಮೂರಲ್ಲಿ ಯಾರಾದರೂ ಹೊಸ ಕಾರು ತಂದಿರುತ್ತಾರೆ. ಪೂಜೆ ಆಗಿರುತ್ತದೆ, ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿ ಆಗಿರುತ್ತದೆ, ಫೋನು ಜೋಡಿಸಿ ಹಾಡೂ ಹಾಕಿರುತ್ತಾರೆ. ಅದೇ ಪೆಟ್ಟಿಗೆಯೊಳಗೆ ಡಿಜಿಟಲ್ ರೇಡಿಯೋ ಇದೆಯಾ ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಬಾಯಿ ಬಿಡುತ್ತಾರೆ. ಮಾರಿದವನು ಹೇಳಿಲ್ಲ, ಕೊಂಡವನು ಕೇಳಿಲ್ಲ. 2017ರ ಸುಮಾರಿನಿಂದ ಹ್ಯುಂಡೈ, ಮಾರುತಿ ಸುಜುಕಿ ಮುಂತಾದ ಕಂಪನಿಗಳ ಕೆಲವು ಮಾದರಿಗಳಿಗೆ ಕಾರ್ಖಾನೆಯಲ್ಲೇ ಈ ರೇಡಿಯೋ ಕೂರಿಸಿ ಕಳಿಸುತ್ತಿದ್ದಾರೆ. ದೇಶದಲ್ಲಿ ಹತ್ತಾರು ಲಕ್ಷ ಕಾರು ಹೀಗೆ ರಸ್ತೆಗಿಳಿದಿವೆ. ಇಷ್ಟು ದೊಡ್ಡ ಸಿನಿಮಾ ಒಂದು ಪೋಸ್ಟರೂ ಅಂಟಿಸದೆ ರಿಲೀಸ್ ಆಗಿದ್ದು ನಾನಂತೂ ಬೇರೆ ಕಂಡಿಲ್ಲ!

ಅದರ ಹೆಸರು ಡಿಜಿಟಲ್ ರೇಡಿಯೋ ಮೊಂಡಿಯಾಲ್, ಗಿಡ್ಡದಾಗಿ ಡಿಆರ್‌ಎಂ. ನಮ್ಮ ಆಕಾಶವಾಣಿ ಒಪ್ಪಿಕೊಂಡದ್ದು ಇದನ್ನೇ. ಹಳೇ ಮೀಡಿಯಂ ವೇವ್ ಜಾಗದಲ್ಲೇ, ಗರಗರ ಇಲ್ಲದೆ, ಎಫ್ಎಂ ಹಾಗೆ ಶುದ್ಧ ದನಿ ಕೊಡುತ್ತದೆ. ಒಂದೇ ಅಲೆಯಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ ಕೂರಿಸಬಹುದು, ಗಾಜಿನ ಮೇಲೆ ಅಕ್ಷರದಲ್ಲಿ ಸುದ್ದಿಯನ್ನೂ ಓಡಿಸಬಹುದು. ಇದಕ್ಕಾಗಿ ಆಕಾಶವಾಣಿ ದೇಶಾದ್ಯಂತ 35 ಮೀಡಿಯಂ ವೇವ್ ಪ್ರೇಷಕಗಳನ್ನು ಹಾಕಿತು. ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರು ಮತ್ತು ಧಾರವಾಡ. ಎರಡೂ 200 ಕಿಲೋವಾಟಿನ ಗಜಗಳು. ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765.

ಈಗ ನಕ್ಷೆ ತೆಗೆಯಿರಿ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಸಂಸೆ ಹುಡುಕಿ. ಕಾಫಿ ಸೀಮೆಯ ನಡುವೆ ಚಹಾ ತೋಟ ಇಟ್ಟುಕೊಂಡು ಕೂತ ಊರು. ಅಲ್ಲಿಂದ ಬೆಂಗಳೂರಿಗೆ ಕಾಗೆ ಹಾರಿದ ಲೆಕ್ಕದಲ್ಲಿ ಸುಮಾರು 250 ಕಿಲೋಮೀಟರ್. ಧಾರವಾಡಕ್ಕೆ? ಅದೂ ಸುಮಾರು 250! ಇಬ್ಬರು ಹೀರೋಗಳಿಂದಲೂ ಸಮದೂರ ಇರುವ ಬಡಪಾಯಿ ಎಕ್ಸ್‌ಟ್ರಾ ಥರ ನಮ್ಮ ಸಂಸೆ. ಪಡುವಣಕ್ಕೆ ತಿರುಗಿದರೆ ಕುದುರೆಮುಖ ಗುಡ್ಡ, 1890 ಮೀಟರಿಗೂ ಮೇಲೆ, ಸಮುದ್ರದ ಕಡೆಯಿಂದ ಬರುವ ಎಲ್ಲದಕ್ಕೂ ಅಡ್ಡ ನಿಂತ ವಿಲನ್. ಈ ಗುಡ್ಡದ ಕಬ್ಬಿಣದ ಅದಿರನ್ನು ಕೊಳವೆಯಲ್ಲಿ ಹರಿಸಿ ಮಂಗಳೂರಿಗೆ ಒಯ್ದರು, 2005ರ ಕೊನೆಗೆ ಅದೂ ನಿಂತಿತು. ಅದಿರಿಗಾದರೆ ಕೊಳವೆ ಹಾಕಬಹುದು, ಮಂಗಳೂರಿನ ಹಾಡು ಮಾತ್ರ ಗಾಳಿಯಲ್ಲೇ ಗುಡ್ಡ ಹತ್ತಿ ಬರಬೇಕು.

ಎಫ್ಎಂ ಯಾಕೆ ಬರೋದಿಲ್ಲ ಅಂತ ಕೇಳ್ತೀರಾ? ಎಫ್ಎಂ ಅಲೆಯ ಉದ್ದ ಹೆಚ್ಚುಕಡಿಮೆ ಮೂರು ಮೀಟರ್. ಅದು ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ಗೋಪುರ ಕಂಡರೆ ಹಾಡು, ಗುಡ್ಡ ಅಡ್ಡ ಬಂದರೆ ಗುಡ್‌ಬೈ. ಮೀಡಿಯಂ ವೇವ್ ಹಾಗಲ್ಲ. ಭದ್ರಾವತಿ ಅಂದರೆ ಹಳಬರಿಗೆ 675. ಆ ಅಲೆಯ ಉದ್ದ ಹತ್ತಿರ ಹತ್ತಿರ 444 ಮೀಟರ್! ಅಷ್ಟುದ್ದದ ಅಲೆ ನೆಲ ಸವರಿಕೊಂಡು, ಗುಡ್ಡದ ಹೆಗಲು ಬಳಸಿಕೊಂಡು ಬರುತ್ತದೆ. ರಾತ್ರಿ ಆಯಿತೋ, ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸ್ ನೆಲಕ್ಕೆ ಬೀಳುತ್ತದೆ. ಹಾಗಾಗಿಯೇ ಕತ್ತಲಾದ ಮೇಲೆ ಎಲ್ಲೆಲ್ಲಿಯದೋ ಭಾಷೆ ನಮ್ಮ ರೇಡಿಯೋದಲ್ಲಿ ಮಾತಾಡುವುದು.

ಭದ್ರಾವತಿ ನಿಲಯ ಶುರುವಾದದ್ದು 1965ರಲ್ಲಿ, ಮಂಗಳೂರಿನದು 1976ರಲ್ಲಿ. ಕಳಸ-ಕೊಪ್ಪ-ಶೃಂಗೇರಿ ಕಡೆಯವರಿಗೆ ಸಿನಿಮಾ ಹಾಡು ಮೊದಲು ತಲುಪಿದ್ದು ಟಾಕೀಸಿನಿಂದಲ್ಲ, ರೇಡಿಯೋದಿಂದ. ಚಿತ್ರ ಬರೋದು ಯಾವಾಗಲೋ, ಹಾಡು ಮಾತ್ರ ಮೊದಲೇ ಮನೆಗೆ ಬಂದು ಕೂತಿರುತ್ತಿತ್ತು. ಪಿ.ಬಿ. ಶ್ರೀನಿವಾಸ್ ಅವರ ದನಿ ನಡುನಡುವೆ ತೇಲಿ ಮುಳುಗಿ, ಮತ್ತೆ ತೇಲಿ... ಅದೂ ಒಂದು ಸಂಗೀತವೇ ಅಂತ ನಮ್ಮ ದೊಡ್ಡಪ್ಪನ ವಯಸ್ಸಿನವರು ಈಗಲೂ ವಾದ ಮಾಡುತ್ತಾರೆ. ಸರ್ಕಾರಕ್ಕೂ ಸಿನಿಮಾ ಹಾಡಿಗೂ ಮೊದಲಿಂದ ಅಷ್ಟಕ್ಕಷ್ಟೇ ಅನ್ನೋದು ನೆನಪಿರಲಿ. 1952ರಲ್ಲಿ ಬಿ.ವಿ. ಕೇಸ್ಕರ್ ಸಾಹೇಬರು ಮಂತ್ರಿಯಾಗಿ ಬಂದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡೇ ಮಾಯವಾಯಿತು. ಜನ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುಮಾಡಿ ಹಾಡನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಕೇಳುಗ ಬೇರೆ ಕಡೆ ಮುಳ್ಳು ತಿರುಗಿಸಿದ ಮೇಲೇ ದಿಲ್ಲಿಗೆ ಕಿವಿ ಕೇಳೋದು!

ಸರಿ, ಡಿಜಿಟಲ್ ಕಥೆಗೆ ಬರೋಣ. ಡಿಜಿಟಲ್ ಅಂದರೆ ಏನು ಅಂತ ನಿಮಗೆ ವಿಜ್ಞಾನದ ಮೇಷ್ಟ್ರ ಥರ ಹೇಳಲಾರೆ, ನಾನು ಪಿಯುಸಿ ಅರ್ಧಕ್ಕೆ ಬಿಟ್ಟ ಆಸಾಮಿ. ಟಾಕೀಸಿನ ಭಾಷೆಯಲ್ಲಿ ಹೇಳ್ತೀನಿ. ಹಳೇ ರೀಲಿನ ಕಾಲ ಕೇಳಿ ಬಲ್ಲಿರಲ್ಲ? ಪ್ರಿಂಟು ನೂರು ಊರು ಸುತ್ತಿ ಬಂದಿರುತ್ತಿತ್ತು. ತೆರೆ ಮೇಲೆ ಮಳೆ ಸುರಿದ ಹಾಗೆ ಗೆರೆ, ಹೀರೋ ಬಾಗಿಲು ತೆಗೆದವನು ಮರುಕ್ಷಣ ಬೆಟ್ಟದ ಮೇಲೆ! ಗಾಂಧಿ ಕ್ಲಾಸಿನವರು ಸಿಳ್ಳೆ ಹಾಕಿ ಆಪರೇಟರನ ವಂಶವನ್ನೆಲ್ಲ ನೆನೆಯುತ್ತಿದ್ದರು. ಆದರೂ ಕಥೆ ತಿಳೀತಿತ್ತು. ಈಗ ಡಿಜಿಟಲ್ ಬಂದಿದೆ. ಚಿತ್ರ ಗಾಜಿನ ಹಾಗೆ ಸ್ವಚ್ಛ. ಆದರೆ ಬೀಗದ ಸಂಖ್ಯೆ ಬರಲಿಲ್ಲ ಅಂದರೆ? ಮಸುಕಾಗಿ ಕೂಡ ತೋರಿಸೋದಿಲ್ಲ ಸ್ವಾಮಿ, ಶೋ ಕ್ಯಾನ್ಸಲ್!

ರೇಡಿಯೋ ವಿಷಯದಲ್ಲೂ ಥೇಟ್ ಇದೇ. ಹಳೇ ಮೀಡಿಯಂ ವೇವ್ ದುರ್ಬಲವಾದರೆ ಗರಗರ ಜಾಸ್ತಿ ಆಗುತ್ತದೆ, ಆದರೂ ಕಿವಿ ಹತ್ತಿರ ಇಟ್ಟರೆ ಮಾತು ಹಿಡಿಯಬಹುದು. ಡಿಜಿಟಲ್ ಹಾಗಲ್ಲ. ಸಿಗ್ನಲ್ ಸಾಕಷ್ಟು ಇರುವವರೆಗೂ ಪೂರ್ತಿ ಶುದ್ಧ, ಒಂದು ಮಟ್ಟಕ್ಕಿಂತ ಕೆಳಗೆ ಬಿತ್ತೋ, ಬಂಡೆಯಿಂದ ಕಾಲು ಜಾರಿದ ಹಾಗೆ ಪೂರ್ತಿ ಮೌನ. ನಡುವೆ ಮೆಟ್ಟಿಲೇ ಇಲ್ಲ. ಹಗಲು ಹೊತ್ತು 250 ಕಿಲೋಮೀಟರ್ ಗುಡ್ಡ-ಕಣಿವೆ ದಾಟಿ ನೆಲದ ಅಲೆ ಸೊರಗಿರುತ್ತದೆ. ರಾತ್ರಿ ಆಕಾಶದಿಂದ ಬೀಳುವ ಅಲೆ ಬರುತ್ತದೆ ನಿಜ, ಆದರೆ ಒಂದೇ ಹಾಡು ಎರಡು ಮೂರು ದಾರಿಯಲ್ಲಿ ಹಿಂದೆ ಮುಂದೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಇದರ ಮೇಲೆ ಇನ್ನೊಂದು ತೊಡಕು. ಒಂದೇ ಪ್ರೇಷಕದಿಂದ ಹಳೆಯದನ್ನೂ ಡಿಜಿಟಲನ್ನೂ ಜೋಡಿಯಾಗಿ ಬಿಟ್ಟಾಗ ಡಿಜಿಟಲ್ ಪಾಲಿಗೆ ಪೂರ್ತಿ ಶಕ್ತಿ ಸಿಗುವುದಿಲ್ಲ. ಎರಡು ಹೀರೋ ಸಿನಿಮಾ ಇದ್ದ ಹಾಗೆ, ಸಂಭಾವನೆ ಹಂಚಿಕೊಳ್ಳಬೇಕು.

ಯುರೋಪಿನಲ್ಲಿ ಈ ಆಟ ಬೇರೆ ಥರ ನಡೆದಿದೆ. ನಾರ್ವೆ ದೇಶ ನಮ್ಮ ಘಟ್ಟಕ್ಕಿಂತ ಗುಡ್ಡ-ಕಮರಿಯ ದೇಶ. 2017ರಲ್ಲಿ ಅವರು ರಾಷ್ಟ್ರೀಯ ಎಫ್ಎಂ ನಿಲಯಗಳನ್ನೇ ಮುಚ್ಚಿ ಡಿಜಿಟಲ್ಲಿಗೆ ಹೋದರು. 2020ರ ಡಿಸೆಂಬರಿನಿಂದ ಯುರೋಪ್ ಒಕ್ಕೂಟದಲ್ಲಿ ಮಾರುವ ಹೊಸ ಕಾರಿನಲ್ಲಿ ರೇಡಿಯೋ ಇದ್ದರೆ ಅದು ಡಿಜಿಟಲ್ಲೂ ಆಗಿರಬೇಕು ಅಂತ ಕಾನೂನು. ಸ್ವಿಟ್ಜರ್ಲೆಂಡಿನ ಸರ್ಕಾರಿ ರೇಡಿಯೋ 2024ರ ಡಿಸೆಂಬರ್ 31ಕ್ಕೆ ಎಫ್ಎಂ ಆರಿಸಿತು. ಆದರೆ ಅವರದ್ದು ಡಿಎಬಿ ಅನ್ನುವ ಬೇರೆ ಪದ್ಧತಿ. ಅದು ಗುಡ್ಡ ಬಳಸುವ ಅಲೆಯಲ್ಲ, ಊರೂರಿಗೆ ಗೋಪುರ ನೆಟ್ಟು ಕೇಳಿಸುವಂಥದ್ದು. ಮೊದಲು ಗೋಪುರ ನೆಟ್ಟರು, ಆಮೇಲೆ ಹಳೆಯದನ್ನು ಆರಿಸಿದರು. ನಮ್ಮಲ್ಲಿ ಕಾರು ಮುಂದೆ ಬಂದಿದೆ, ಗೋಪುರ ಹಿಂದೆ ಉಳಿದಿದೆ.

ಹೋದ ತಿಂಗಳು ಸಂಸೆಯಲ್ಲಿ ಒಬ್ಬ ಜೀಪಿನ ಅಣ್ಣನ ಹತ್ತಿರ ಮಾತಿಗೆ ಕೂತೆ. ಕುದುರೆಮುಖ ಹತ್ತಲಿಕ್ಕೆ ಬೆಂಗಳೂರಿಂದ ಬರುವ ಹುಡುಗರನ್ನು ಮುಳ್ಳೋಡಿಗೆ ಮುಟ್ಟಿಸುವ ಕೆಲಸ ಅವರದ್ದು. ರೇಡಿಯೋ ಅಂದ ಕೂಡಲೇ ನಕ್ಕರು.

"ಎಂತ ಮಾರಾಯ, ಈಗ ಯಾರು ರೇಡಿಯೋ ಕೇಳ್ತಾರೆ? ಎಲ್ಲ ಫೋನಲ್ಲೇ ಉಂಟಲ್ಲ."

"ಪಾರ್ಕಿನ ಒಳಗೆ ಹೋದ ಮೇಲೆ ಫೋನು ಹಾಡ್ತದಾ ಅಣ್ಣ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಾದರು. "ಇಲ್ಲ. ಮಳೆ ಹಿಡಿದ್ರೆ ಪೇಟೇಲೂ ಹಾಡೋದಿಲ್ಲ. ಕರೆಂಟ್ ಹೋದ್ರೆ ಟವರೂ ಹೋಯ್ತು. ಮೊದಲು ಅಪ್ಪನ ರೇಡಿಯೋ ಗರಗರ ಅಂದ್ರೂ ಎಲ್ಲಿ ರಸ್ತೆ ಹೋಗಿದೆ ಅಂತ ಗೊತ್ತಾಗ್ತಿತ್ತು. ಈಗ ಎಲ್ಲ ಚೆಂದ ಉಂಟು, ಬೇಕಾದಾಗ ಇಲ್ಲ."

ಅಭಿಮಾನಿ ದೇವರುಗಳೇ, ಇದು ಬರೀ ಹಾಡಿನ ಪ್ರಶ್ನೆ ಅಲ್ಲ. 2019ರ ಆಗಸ್ಟ್ ಮಳೆ ಮರೆತಿಲ್ಲ ತಾನೇ? ಮೂಡಿಗೆರೆ ಸೀಮೆಯ ಮಲೆಮನೆಯಲ್ಲಿ ಗುಡ್ಡ ಜರಿದು ಮನೆಗಳು ಮಣ್ಣುಪಾಲಾದವು. ಚಾರ್ಮಾಡಿ ಘಾಟಿ ಕುಸಿದು ವಾಹನ ಸಂಚಾರ ನಿಂತಿತು. ಅಂಥ ರಾತ್ರಿ ಘಾಟಿ ನಡುವೆ ಸಿಕ್ಕಿಬಿದ್ದ ಡ್ರೈವರ್‌ಗೆ ಮುಂದಿನ ತಿರುವಿನಲ್ಲಿ ರಸ್ತೆ ಇದೆಯಾ ಇಲ್ಲವಾ ಅಂತ ಹೇಳೋರು ಯಾರು? ಡಿಆರ್‌ಎಂನಲ್ಲಿ ಇದಕ್ಕೇ ಒಂದು ಸೌಲಭ್ಯ ಇದೆ. ಅಪಾಯದ ಸೂಚನೆ ನಿಲಯದಿಂದ ಹೊರಟರೆ, ಆ ಸೌಲಭ್ಯ ಇರುವ ಸೆಟ್ಟು ನೀವು ಕೇಳುತ್ತಿದ್ದ ಕಾರ್ಯಕ್ರಮ ಬಿಟ್ಟು ತಾನಾಗಿಯೇ ಎಚ್ಚರಿಕೆಗೆ ಹೊರಳುತ್ತದೆ, ಅಕ್ಷರದಲ್ಲೂ ತೋರಿಸುತ್ತದೆ. ಟವರ್ ಬೇಡ, ಡೇಟಾ ಪ್ಯಾಕ್ ಬೇಡ. ಕಾರಿನ ಬ್ಯಾಟರಿ ಇದ್ದರಾಯಿತು. ಮಲೆನಾಡಿಗೆ ಹೇಳಿ ಮಾಡಿಸಿದ ಸಾಮಾನು! ಆದರೆ ಅಲೆ ಇಲ್ಲಿವರೆಗೆ ಗಟ್ಟಿಯಾಗಿ ಬರಬೇಕಲ್ಲ?

ಹಾಗಂತ 2025ರ ಅಕ್ಟೋಬರಿನಲ್ಲಿ ಟ್ರಾಯ್‌ನವರು ಖಾಸಗಿ ಡಿಜಿಟಲ್ ರೇಡಿಯೋಗೆ ಶಿಫಾರಸು ಕೊಟ್ಟಾಗ ಆಸೆಯಿಂದ ಓದಿದೆ. 13 ದೊಡ್ಡ ನಗರಗಳಿಂದ ಶುರು ಮಾಡಿ ಅಂದಿದ್ದಾರೆ. ಕರ್ನಾಟಕದಿಂದ ಬೆಂಗಳೂರು ಒಂದೇ. ಅರ್ಥ ಮಾಡಿಕೊಳ್ಳಿ ಗುರುವೇ, ಎಲ್ಲಿ ಆಗಲೇ ಎಫ್ಎಂ ಸಾಲುಸಾಲಾಗಿ ಕೂಗುತ್ತಿದೆಯೋ, ಎಲ್ಲಿ ಫೋನಿಗೆ ಸಿಗ್ನಲ್ ಎಂದೂ ಬರಗಾಲ ಇಲ್ಲವೋ, ಅಲ್ಲಿಗೇ ಮೊದಲ ಪಂಕ್ತಿ ಊಟ. ಜಾಹೀರಾತು ಹುಟ್ಟುವುದು ಅಲ್ಲಿ, ಖಾಸಗಿಯವರು ಹೋಗುವುದೂ ಅಲ್ಲಿಗೇ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಆಕಾಶವಾಣಿ ಅಂಗಡಿಯಲ್ಲ. ಸಂಸೆಯಿಂದ ಭದ್ರಾವತಿಗೆ ನೇರ ಗೆರೆಯಲ್ಲಿ 90 ಕಿಲೋಮೀಟರೂ ಇಲ್ಲ. ಡಿಜಿಟಲ್ ಪ್ರೇಷಕ ಅಲ್ಲೊಂದು ಇದ್ದಿದ್ದರೆ, ಹಳೆಯದನ್ನು ಮುಚ್ಚದೆ ಅದರ ಜೊತೆಗೇ, ಬಾಳೆಹೊನ್ನೂರು, ಕೊಪ್ಪ, ಕಳಸದ ಕಾರುಗಳಿಗೆ ಬೆಂಗಳೂರಿನ ಮುಖ ನೋಡುವ ಗತಿ ಇರುತ್ತಿರಲಿಲ್ಲ. ಮುಚ್ಚದೆ ಅನ್ನೋದನ್ನು ಒತ್ತಿ ಹೇಳ್ತೀನಿ. ಡಿಜಿಟಲ್ ಕಾರು ಇರೋದು ಕೆಲವರ ಮನೆಯಲ್ಲಿ, ಕೂಲಿ ಲೈನಿನಲ್ಲಿ ಇರೋದು ಇನ್ನೂ ಹಳೇ ಪೆಟ್ಟಿಗೆ. ಡಿಆರ್‌ಎಂ ಬಿಡಿ ಸೆಟ್ಟಿನ ಬೆಲೆ ಸಾವಿರಗಳಲ್ಲಿ, ಅದನ್ನು ಯಾವ ತೋಟದ ಕೆಲಸದವರು ಕೊಳ್ಳುತ್ತಾರೆ?

ಕಾರು ಕಂಪನಿಗಳಿಗೂ ಒಂದು ಮಾತು. ಎಲೆಕ್ಟ್ರಿಕ್ ಕಾರಿನ ಮೋಟಾರು ಮೀಡಿಯಂ ವೇವಿಗೆ ಗಲಾಟೆ ಎಬ್ಬಿಸುತ್ತದೆ ಅಂತ ಹೊರದೇಶದಲ್ಲಿ ಕೆಲವರು ಆ ಬ್ಯಾಂಡನ್ನೇ ಕಿತ್ತುಹಾಕಲು ಹೊರಟರು. ಅಮೆರಿಕದಲ್ಲಿ ಫೋರ್ಡ್ 2023ರಲ್ಲಿ ಹಾಗೆ ತೀರ್ಮಾನಿಸಿ, ಜನ ಮತ್ತು ಸಂಸದರು ಗದ್ದಲ ಎಬ್ಬಿಸಿದ ಮೇಲೆ ಅದೇ ವರ್ಷ ಹಿಂದೆ ಸರಿಯಿತು. ಅಲ್ಲಿನವರ ವಾದವೂ ಇದೇ, ಅಪಾಯದ ಹೊತ್ತಿಗೆ ದೂರದವರೆಗೆ ಕೇಳಿಸುವುದು ಅದೊಂದೇ. ನಮ್ಮಲ್ಲಿ ಕಿತ್ತರೆ ಗದ್ದಲ ಎಬ್ಬಿಸೋರು ಯಾರು? ಇದೆ ಅಂತಲೇ ಗೊತ್ತಿಲ್ಲದವರು ಹೋಯಿತು ಅಂತ ಹೇಗೆ ಕೂಗುತ್ತಾರೆ!

ಬಸ್ಸಿನ ವಿಷಯ ಬರೆಯದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಳ್ಳುವ ನೀವು ನನ್ನನ್ನು ಬಿಡುವುದಿಲ್ಲ. ಕೊಪ್ಪದ ಸಹಕಾರ ಸಾರಿಗೆ, ಕಾರ್ಮಿಕರೇ ಮಾಲೀಕರಾಗಿ 1991ರಲ್ಲಿ ಕಟ್ಟಿದ ಬಸ್ಸು, 2020ರಲ್ಲಿ ನಿಂತೇ ಹೋಯಿತು. ಉಳಿದ ಬಸ್ಸುಗಳಲ್ಲಿ ಪೆನ್ ಡ್ರೈವಿನ ಹಾಡು. ಅದೇ ನಲವತ್ತು ಹಾಡು, ಅದೇ ಕ್ರಮ. ಮೂರನೇ ತಿರುವಿಗೆ ಯಾವ ಹಾಡು ಬರುತ್ತದೆ ಅಂತ ಕಂಡಕ್ಟರ್ ಕಣ್ಮುಚ್ಚಿ ಹೇಳುತ್ತಾನೆ. ಮುಂದಿನ ಹಾಡು ಯಾವುದೋ ಅಂತ ಕಾಯುವ ಸುಖ ರೇಡಿಯೋ ಜೊತೆಗೇ ಇಳಿದು ಹೋಯಿತು.

ಈಗ ನಿಮಗೆ ಕೆಲಸ. ಅಣ್ಣನದೋ, ಧಣಿಯದೋ, ಡ್ರೈವರ್ ಆಗಿ ನೀವೇ ಓಡಿಸುವುದೋ, 2017ರ ನಂತರದ ಕಾರು ಕೈಗೆ ಸಿಕ್ಕರೆ ರೇಡಿಯೋ ಹಚ್ಚಿ. ಎಫ್ಎಂ ಬಿಟ್ಟು ಎಎಂಗೆ ಹೋಗಿ, ಡಿಆರ್‌ಎಂ ಅಂತ ಬೇರೆ ಇದ್ದರೆ ಅದಕ್ಕೇ ಹೋಗಿ. 612 ಹಾಕಿ, 765 ಹಾಕಿ. ಹಾಕಿದ ಕೂಡಲೇ ಮುಂದೆ ಓಡಿಸಬೇಡಿ, ಡಿಜಿಟಲ್ ಹಿಡಿಯಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಗಾಜಿನ ಮೇಲೆ ನಿಲಯದ ಹೆಸರು ಮೂಡಿದರೆ ಗೆದ್ದಿರಿ. ಹಗಲೊಮ್ಮೆ, ರಾತ್ರಿಯೊಮ್ಮೆ ನೋಡಿ. ವಿದ್ಯುತ್ ತಂತಿಯ ಕೆಳಗೆ ನಿಂತು ನೋಡಬೇಡಿ, ಅದರ ಗಲಾಟೆಗೆ ಇದ್ದದ್ದೂ ಹೋಗುತ್ತದೆ. ಯಾವ ಊರು, ಯಾವ ತಿರುವು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಕೇಳಿಸಿತು, ಕೇಳಿಸದಿದ್ದರೂ ಸರಿ, ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ. ಕಳಸ, ಹೊರನಾಡು, ಸಂಸೆ, ಕುದುರೆಮುಖದ ಕಡೆಯಿಂದ ಬಂದ ಕಾರ್ಡನ್ನೆಲ್ಲ ಜೋಡಿಸಿ ಈ ಪುಟದಲ್ಲೇ ಪಟ್ಟಿ ಹಾಕುತ್ತೇನೆ. ಅದರದೊಂದು ಪ್ರತಿ ಆಕಾಶವಾಣಿಗೂ ಹೋಗುತ್ತದೆ, ಅಂಚೆ ಖರ್ಚು ನನ್ನದು.

ಗಾಂಧಿನಗರದ ಬಿಸಿಬಿಸಿ ಸುದ್ದಿ ಮುಂದಿನ ವಾರಕ್ಕೆ!