ಬಿತ್ತನೆ ಬೀಜ ಬಾಡಿಗೆಗೆ ಸಿಗೋದಿಲ್ಲ

ಮನೇಲಿ ಒಂದು ಸರ್ವರ್ ಇಟ್ಕೊಂಡಿದ್ದೀನಿ ಅಂದ ತಕ್ಷಣ ಆಫೀಸಿನ ಗೆಳೆಯರು ನಗ್ತಾರೆ. "ಯಾಕ್ ಗುರು, ಮಾಡೋಕೆ ಬೇರೆ ಕೆಲಸ ಇಲ್ವಾ? ತಿಂಗಳಿಗೆ ನೂರೋ ಇನ್ನೂರೋ ಬಿಸಾಕಿದ್ರೆ ಕ್ಲೌಡ್‌ನಲ್ಲಿ ಜಾಗ ಸಿಗುತ್ತಲ್ಲ!" ಹೀಗಂದವನು ಯಾರು ಗೊತ್ತಾ? ಯಾವುದೋ ದೇಶದ ಯಾವುದೋ ಕಂಪನಿಯ ಸರ್ವರ್ ಬಿದ್ದುಹೋದರೆ ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆರೆಯುವವನು. ಊರವರ ದನ ಕಾಯೋಕೆ ಬರುತ್ತೆ, ಸ್ವಂತ ಕರು ಕಟ್ಟೋಕೆ ಬೇಜಾರು.

ಸರ್ವರ್ ಅಂದರೆ ಗಾಬರಿಯಾಗಬೇಡಿ. ಯಾವುದೋ ಆಫೀಸಿನವರು ಹಳೇದಾಯ್ತು ಅಂತ ಹೊರಹಾಕಿದ ಮಿನಿ ಪಿಸಿ, ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಚಪ್ಪಲಿ ಸ್ಟ್ಯಾಂಡಿನ ಮೇಲೆ ರೌಟರ್ ಪಕ್ಕ ಕೂತಿದೆ. ಸುಮ್ಮನಿದ್ದಾಗ ಹತ್ತು ಹನ್ನೆರಡು ವ್ಯಾಟ್ ಎಳೆಯುತ್ತೆ, ಅಂದರೆ ಹಗಲು ರಾತ್ರಿ ಓಡಿದರೂ ತಿಂಗಳಿಗೆ 7ರಿಂದ 9 ಯೂನಿಟ್. ಅದರಲ್ಲಿ ಡೆಬಿಯನ್, ಡಾಕರ್, ಫೋಟೋಗಳಿಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್. ಎಲ್ಲವೂ ಓಪನ್ ಸೋರ್ಸ್.

ಜೊತೆಗೆ ನಾನೇ ಬರೆದದ್ದೊಂದಿದೆ. ಅಪ್ಪ ವರ್ಷಾನುಗಟ್ಟಲೆ ಕ್ಯಾಲೆಂಡರಿನ ಅಂಚಿನಲ್ಲಿ ಮಳೆ ಲೆಕ್ಕ ಗೀಚಿಟ್ಟಿದ್ದರು. ಅದನ್ನೆಲ್ಲ ಎಸ್‌ಕ್ಯೂಲೈಟ್‌ಗೆ ಹಾಕಿ, ಇನ್ನೂರು ಸಾಲಿನ ಪೈಥಾನ್ ಬರೆದೆ. "ಹೋದ್ ವರ್ಷ ಭರಣಿ ಮಳೆ ಎಷ್ಟ್ ದಿನ ಹುಯ್ದಿತ್ತು ನೋಡ್ಲಾ" ಅಂತ ಅಪ್ಪ ಫೋನ್ ಮಾಡಿದರೆ ನಿಂತಲ್ಲೇ ಹೇಳ್ತೀನಿ. ಇದರ ಬಳಕೆದಾರ ಒಬ್ಬನೇ. ಹನ್ನೆರಡು ವರ್ಷದ ನೌಕರಿಯಲ್ಲಿ ನಾನು ಬರೆದ ಯಾವ ಕೋಡನ್ನೂ ಅಪ್ಪ ಕೇಳಿ ಪಡೆದಿರಲಿಲ್ಲ.

ಈಗ ಬಾಡಿಗೆಯ ಮಾತಿಗೆ ಬರೋಣ. ಗೂಗಲ್ ರೀಡರ್ 2013ರ ಜುಲೈನಲ್ಲಿ ಬಾಗಿಲು ಹಾಕಿತು. ನಮ್ಮ ಕಾಲೇಜು ದಿನಗಳ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಹೋಯಿತು. ಎಷ್ಟು ಬೇಕಾದರೂ ಫೋಟೋ ಪುಕ್ಕಟೆ ಇಡಿ ಎಂದಿದ್ದ ಗೂಗಲ್ ಫೋಟೋಸ್, 2021ರ ಜೂನ್ 1ರಿಂದ 15 ಜಿಬಿಯ ಲೆಕ್ಕ ಹಿಡಿಯಿತು. ನಾನು ಬೈಯ್ತಿಲ್ಲ. ಮನೆ ಅವರದು, ನಿಯಮ ಅವರದು. ಬಾಡಿಗೆಗಿದ್ದುಕೊಂಡು ಸ್ವಂತ ಮನೆ ಅಂದುಕೊಂಡದ್ದು ನಮ್ಮ ತಪ್ಪು.

ಹಾಗಂತ ಸರ್ವರ್ ಇಟ್ಟವರೆಲ್ಲ ಜಾಣರು ಅಂತಲ್ಲ. ಮಿಣಮಿಣ ಲೈಟಿನ ರ‍್ಯಾಕ್, ಒಬ್ಬರ ಮನೆಗೆ ಮೂರು ಯಂತ್ರದ ಕುಬರ್ನೆಟಿಸ್, ಬಣ್ಣಬಣ್ಣದ ಡ್ಯಾಶ್‌ಬೋರ್ಡ್. ಒಳಗೇನಿದೆ ಅಂತ ನೋಡಿದರೆ ಆ ಡ್ಯಾಶ್‌ಬೋರ್ಡೇ! ಹೊಸ ಟೂಲ್ ಕಲಿಯೋಕೆ ಮಾಡೋದಾದರೆ ಸರಿ, ಶೋಕೇಸಿಗೆ ಆದರೆ ವೇಸ್ಟು. ಈ ಶೋಕಿ ನನಗೂ ಇತ್ತು. ಅದಕ್ಕೆ ಬೆಲೆ ಕೊಟ್ಟಿದ್ದೀನಿ.

ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಪ್ರತಿ ಇರುತ್ತೆ, ಇನ್ನೇನು ಭಯ ಅಂತ ಎದೆಯುಬ್ಬಿಸಿಕೊಂಡಿದ್ದೆ. ಒಂದು ರಾತ್ರಿ ಡಬಲ್ ಆದ ಫೈಲುಗಳನ್ನು ಅಳಿಸೋಕೆ ಸ್ಕ್ರಿಪ್ಟ್ ಬರೆದು, ಫೋಲ್ಡರಿನ ದಾರಿ ತಪ್ಪು ಕೊಟ್ಟೆ. ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ರೇಡ್ ಇನ್ನೊಂದರಲ್ಲೂ ನಿಯತ್ತಾಗಿ ಅಳಿಸಿತು. ಅದರ ಕೆಲಸವೇ ಅದು. ಹೋದದ್ದು ಅಜ್ಜಿ ಹಾಡಿದ ಸೋಬಾನೆಯ ಹನ್ನೊಂದು ರೆಕಾರ್ಡಿಂಗ್. ಅಷ್ಟೊತ್ತಿಗೆ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಬೈಲಿಲ್ಲ. "ಬ್ಯಾರೆ ಕಡೆ ಒಂದ್ ಪಾಲು ಇಕ್ಕಿರ್ಲಿಲ್ವೇನ್ಲಾ?" ಅಂದರು, ಅಷ್ಟೇ.

ನನಗೆ ಮಾತು ಹೊರಡಲಿಲ್ಲ. ಚಿಕ್ಕವನಿದ್ದಾಗ ನೋಡಿದ್ದೆನಲ್ಲ: ರಾಗಿ ಬಿತ್ತನೆ ಬೀಜವನ್ನು ಅಪ್ಪ ಯಾವತ್ತೂ ಒಂದೇ ಕಡೆ ಇಡ್ತಿರಲಿಲ್ಲ. ಒಂದು ಪಾಲು ಬೂದಿ ಬೆರೆಸಿ ಮಡಕೆಯಲ್ಲಿ, ಒಂದು ಪಾಲು ಅಟ್ಟದ ಮೇಲೆ ಚೀಲದಲ್ಲಿ, ಇನ್ನೊಂದು ಪಕ್ಕದೂರಿನ ಅತ್ತೆ ಮನೇಲಿ. ನಮ್ಮ ವೃತ್ತಿಯಲ್ಲಿ ಇದಕ್ಕೆ 3-2-1 ಅಂತಾರೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ. ಆಫೀಸಿನಲ್ಲಿ ಇದರ ಮೇಲೆ ಸ್ಲೈಡ್ ಮಾಡಿ ಪಾಠ ಹೇಳಿದವನು ನಾನು.

ಕೊನೆಗೆ ಒಂದು ಹಾಡು ಸಿಕ್ಕಿತು. ಅದೇ ಅತ್ತೆಗೆ ಎಂದೋ ವಾಟ್ಸಾಪ್‌ನಲ್ಲಿ ಕಳಿಸಿದ್ದೆ, ಅವರ ಫೋನಿನಲ್ಲಿತ್ತು. ಉಳಿದ ಹತ್ತು ಹೋದವು.

ಈಗ ಡಿಸ್ಕಿನದು ಒಂದು ಪ್ರತಿ, ಬೀರುವಿನಲ್ಲಿ ಬಿಚ್ಚಿಟ್ಟ ಯುಎಸ್‌ಬಿ ಡ್ರೈವ್ ಇನ್ನೊಂದು. ಮೂರನೆಯದು ಕ್ಲೌಡ್‌ನಲ್ಲೇ ಇದೆ. ಹೌದು, ನಾನೂ ಬಾಡಿಗೆ ಕಟ್ತೀನಿ. ಆದರೆ ರೆಸ್ಟಿಕ್‌ನಿಂದ ಎನ್‌ಕ್ರಿಪ್ಟ್ ಮಾಡಿ ಕಳಿಸ್ತೀನಿ, ಬೀಗದ ಕೈ ನನ್ನ ಹತ್ರ. ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಕವರಿನಲ್ಲಿಟ್ಟು ಹೆಂಡತಿಗೆ ಕೊಟ್ಟಿದ್ದೀನಿ. ನಾಳೆ ನಾನಿಲ್ಲದಿದ್ದರೆ ಮಗಳ ಫೋಟೋ ನನ್ನ ಜೊತೆ ಹೋಗಬಾರದಲ್ಲ. ತಿಂಗಳಿಗೊಂದು ಭಾನುವಾರ ಬ್ಯಾಕಪ್‌ನಿಂದ ಹತ್ತು ಫೈಲ್ ವಾಪಸ್ ತೆಗೆದು ತೆರೆದು ನೋಡ್ತೀನಿ. ಬಿತ್ತೋ ಮುಂಚೆ ನಾಕು ಕಾಳು ಒದ್ದೆ ಬಟ್ಟೇಲಿ ಕಟ್ಟಿ ಮೊಳಕೆ ಬರುತ್ತಾ ಅಂತ ನೋಡೋಲ್ವೇ, ಹಾಗೆ. ಹೊರಗಿಂದ ನೋಡಬೇಕಾದರೆ ವೈರ್‌ಗಾರ್ಡ್ ಇದೆ. ಸರ್ವರನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡೋ ಹುಚ್ಚು ಸಾಹಸ ಬೇಡ.

"ಟೈಮ್ ಎಲ್ಲಿದೆ?" ಅಂತೀರಿ. ನಿಮ್ಮ ಅಮ್ಮನಿಗೋ ಮಾವನಿಗೋ ಇದನ್ನ ಮಾಡಿ ಅಂತ ನಾನು ಹೇಳ್ತಿಲ್ಲ. ಅವರಿಗೆ ಕ್ಲೌಡೇ ವಾಸಿ. ಬಿ.ಇ. ಮುಗಿಸಿ, ಇದೇ ಕೆಲಸಕ್ಕೆ ಸಂಬಳ ತಗೊಳ್ಳೋ ನಿಮಗೆ ಹೇಳ್ತಿದ್ದೀನಿ. ಊರಿನ ಹಾಡು, ಮನೆಯ ಫೋಟೋ, ಅಪ್ಪನ ಮಳೆ ಲೆಕ್ಕ ಕಾಯೋ ಕಸುಬು ಮನೆಮಂದಿಯಲ್ಲಿ ಕಲಿತಿರೋದು ನೀವೊಬ್ಬರೇ. ನೀವು ಕಾಯದಿದ್ದರೆ ಇನ್ಯಾರು ಕಾಯ್ತಾರೆ?

ಸರ್ವರ್ ಆಮೇಲೆ ಕೊಳ್ಳಿ. ಇವತ್ತು ಮನೆಗೆ ಹೋಗುವಾಗ ಮೆಟ್ರೋದಲ್ಲಿ ಫೋನ್ ಕಳೆದುಹೋಗಿ, ಅಕೌಂಟೂ ಲಾಕ್ ಆಯ್ತು ಅಂದುಕೊಳ್ಳಿ. ನಿಮ್ಮ ಹತ್ರ ಏನುಳಿಯುತ್ತೆ? ಕಾಗದದ ಮೇಲೆ ಪಟ್ಟಿ ಮಾಡಿ. ಆ ಪಟ್ಟಿ ನೋಡಿದ ಮೇಲೂ ಅನ್ನಿಸಿದರೆ ಕೇಳಿ, ಮಾಡೋಕೆ ಬೇರೆ ಕೆಲಸ ಇಲ್ವಾ ಅಂತ.