ಮರದ ಹೆಸರಿಗೂ ಪುರಾವೆ ಬೇಕು

ಹೆಸರಿಗೆ ಎಷ್ಟು ಬೆಲೆ ಇದೆ ಎಂಬುದನ್ನು ಬ್ಯಾಡಗಿಯ ವರ್ತಕರಿಗೆ ವಿವರಿಸಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಒಂದು ಕಾಲದಲ್ಲಿ ಕಣ್ಣಳತೆಯಿಂದ ನಿರ್ಣಯವಾಗುತ್ತಿದ್ದ ಅದರ ಬಣ್ಣವನ್ನು ಇಂದು ಪ್ರಯೋಗಾಲಯದಲ್ಲಿ ಆಸ್ಟಾ ಮಾನದಿಂದ ಅಳೆಯಲಾಗುತ್ತಿದೆ. ಸಂಕರಣ ಬೀಜದ ಶುದ್ಧತೆಯನ್ನು ಡಿ.ಎನ್.ಎ. ಪರೀಕ್ಷೆಯಿಂದ ಅರಿಯಬಹುದೆಂಬುದು ರಾಣೆಬೆನ್ನೂರಿನ ಬೀಜೋದ್ಯಮಿಗಳಿಗೆ ಹೊಸ ಸಂಗತಿಯಲ್ಲ. ಆದರೆ ನಮ್ಮ ಹಾವೇರಿ ಜಿಲ್ಲೆಯ ನಾಟಾ ವ್ಯಾಪಾರವು ಮಾತ್ರ ಬಹುಮಟ್ಟಿಗೆ ಬಣ್ಣ, ತೂಕ, ವಾಸನೆ ಮತ್ತು ಅನುಭವಸ್ಥರ ಮಾತನ್ನೇ ನೆಚ್ಚಿಕೊಂಡಿದೆ.

ಅನುಭವವನ್ನು ಕಡೆಗಣಿಸುವುದು ಈ ಲೇಖನದ ಉದ್ದೇಶವಲ್ಲ. ಎಲೆ, ಹೂವು, ಕಾಯಿಗಳಿರುವಾಗ ಮರವನ್ನು ಗುರುತಿಸುವುದು ಕಷ್ಟವಲ್ಲ. ದಿಮ್ಮಿಯು ಕೊಯ್ದು ಹಲಗೆಯಾದ ಮೇಲೆ ಈ ಗುರುತುಗಳೆಲ್ಲ ಅಳಿದುಹೋಗುತ್ತವೆ. ಸೂಕ್ಷ್ಮದರ್ಶಕದಿಂದ ಮರದ ರಚನೆಯನ್ನು ಪರೀಕ್ಷಿಸಿದರೂ ಸಾಮಾನ್ಯವಾಗಿ ತಿಳಿಯುವುದು ಅದರ ಕುಲ ಮಾತ್ರ. ಹೊನ್ನೆ ಮತ್ತು ರಕ್ತಚಂದನ ಒಂದೇ ಕುಲದವು. ಬೀಟೆ ಮತ್ತು ಸಿಸ್ಸು ಇನ್ನೊಂದು ಕುಲದವು. ಮತ್ತಿ ಮತ್ತು ಕಿಂದಳ ಮತ್ತೊಂದು ಕುಲದವು. ಕುಲ ಒಂದೇ ಆದರೂ ಬೆಲೆ ಒಂದೇ ಅಲ್ಲ, ಕಾನೂನು ಸಹ ಒಂದೇ ಅಲ್ಲ. ಬಿಲ್ಲಿನಲ್ಲಿ ಬರೆದ ಹೆಸರಿನ ಬಗ್ಗೆ ಸಂಶಯ ಮೂಡಿದರೆ ಸರಕು ತಡೆಹಿಡಿಯಲ್ಪಡುತ್ತದೆ, ಬಂಡವಾಳ ಸಿಕ್ಕಿಬೀಳುತ್ತದೆ.

ಗುರುತಿಸಲಾಗದ ಮರದ ವಿಷಯದಲ್ಲಿ ಕಾನೂನು ಹೇಗೆ ವರ್ತಿಸುತ್ತದೆ ಎಂಬುದಕ್ಕೆ ನಿದರ್ಶನವಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್, 2017ರ ಜನವರಿ 2ರಿಂದ ಬೀಟೆಯ ಕುಲವನ್ನು ಇಡಿಯಾಗಿ ನಿಯಂತ್ರಣಕ್ಕೆ ಒಳಪಡಿಸಿತು. ಸುಂಕದ ಕಟ್ಟೆಯಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಲು ಆಗದಿದ್ದುದು ಇದಕ್ಕೆ ಪ್ರಮುಖ ಕಾರಣಗಳಲ್ಲೊಂದು. ಪರಿಣಾಮವಾಗಿ ಭಾರತದಲ್ಲಿ ಧಾರಾಳವಾಗಿ ಬೆಳೆಯುವ ಸಿಸ್ಸು ಮರದ ಕರಕುಶಲ ವಸ್ತುಗಳ ರಫ್ತಿಗೂ ಪೆಟ್ಟು ಬಿತ್ತು. 2022ರ ಪನಾಮಾ ಸಮ್ಮೇಳನದಲ್ಲಿ ಈ ವಸ್ತುಗಳಿಗೆ, ರವಾನೆಯಲ್ಲಿನ ಪ್ರತಿಯೊಂದು ವಸ್ತುವಿನ ತೂಕ 10 ಕಿಲೋಗ್ರಾಂಗಿಂತ ಕಡಿಮೆ ಇರಬೇಕೆಂಬ ಮಿತಿಯೊಂದಿಗೆ, ಪರಿಹಾರ ದೊರೆಯಿತು. ಕಳ್ಳಸಾಗಣೆದಾರನು ಮಾಡಿದ ತಪ್ಪಿಗೆ ಪ್ರಾಮಾಣಿಕ ವರ್ತಕನು ದಂಡ ತೆರುವುದೆಂದರೆ ಇದೇ.

ಡಿ.ಎನ್.ಎ. ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಸಸ್ಯಗಳ ಗುರುತಿಗಾಗಿ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಎರಡು ವಂಶವಾಹಿ ಭಾಗಗಳನ್ನು ವಿಜ್ಞಾನಿಗಳು 2009ರಲ್ಲಿ ಶಿಫಾರಸು ಮಾಡಿದರು. ಹತ್ತಿರದ ಸಂಬಂಧಿ ಪ್ರಭೇದಗಳಿಗೆ ಇತರ ಭಾಗಗಳನ್ನೂ ಓದಬೇಕಾಗುತ್ತದೆ. ದೊರೆತ ಅಕ್ಷರಮಾಲೆಯನ್ನು ಖಚಿತವಾಗಿ ಗುರುತಿಸಿದ ಮರಗಳ ಮಾದರಿಯೊಡನೆ ತಾಳೆ ನೋಡಲಾಗುತ್ತದೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಚೇಗಿನ ಜೀವಕೋಶಗಳು ಸತ್ತಿರುವುದರಿಂದ ಅಲ್ಲಿ ಡಿ.ಎನ್.ಎ. ಶಿಥಿಲವಾಗಿರುತ್ತದೆ, ಮರದ ರಾಳವೂ ಪರೀಕ್ಷೆಗೆ ಅಡ್ಡಿಯಾಗುತ್ತದೆ. ತೊಗಟೆಯ ಒಳಗಿನ ಬಿಳಿ ಭಾಗದ ಹಸಿ ಮಾದರಿಯೇ ಉತ್ತಮ. ಮೇಲೆ ಹೇಳಿದ ಎರಡು ಭಾಗಗಳು ಹರಿತ್ತುವಿನಲ್ಲಿದ್ದು, ನೀಲಗಿರಿಯಂಥ ಮರದಲ್ಲಿ ತಾಯಿ ಮರದಿಂದ ಮಾತ್ರ ಬರುತ್ತವೆ. ಆದ್ದರಿಂದ ಬೆರಕೆ ನೀಲಗಿರಿಯು ಈ ಪರೀಕ್ಷೆಯೊಂದರಲ್ಲೇ ತನ್ನ ತಂದೆಯನ್ನು ತೋರಿಸದು. ತೇಗವು ನಮ್ಮ ಕಾಡಿನದೋ ಆಮದಾದುದೋ ಎಂಬುದನ್ನೂ ಇದು ಹೇಳಲಾರದು, ಏಕೆಂದರೆ ಪ್ರಭೇದ ಒಂದೇ.

ಪ್ರತಿಯೊಂದು ದಿಮ್ಮಿಗೂ ಪರೀಕ್ಷೆಯಾದರೆ ಸಣ್ಣ ವರ್ತಕರು ಆ ಹೊರೆ ತಾಳಲಾರರೆಂಬ ಆಕ್ಷೇಪ ನ್ಯಾಯವಾದುದೇ. ಅಂತಹ ಕಡ್ಡಾಯವನ್ನು ಯಾರೂ ಬಯಸಬಾರದು. ಬೆಲೆಬಾಳುವ ಅಥವಾ ವಿವಾದಕ್ಕೊಳಗಾದ ಸರಕಿಗಷ್ಟೇ ಈ ಪರೀಕ್ಷೆ ಸಾಕು.

ಈ ದಿಸೆಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಯು ಮೂರು ಕೆಲಸಗಳನ್ನು ಕೈಗೊಳ್ಳಬೇಕು. ಮೊದಲನೆಯದಾಗಿ, ಹಾನಗಲ್ಲ ಮತ್ತು ಶಿಗ್ಗಾಂವ ಭಾಗದ ಕಾಡುಗಳ ನಿಂತ ಮರಗಳಿಂದ ಅಧಿಕೃತ ಮಾದರಿಗಳನ್ನು ಸಂಗ್ರಹಿಸುವಂತೆ ಅರಣ್ಯ ಇಲಾಖೆಯನ್ನೂ ಶಿರಸಿಯ ಅರಣ್ಯ ಮಹಾವಿದ್ಯಾಲಯವನ್ನೂ ಕೋರಬೇಕು. ಎರಡನೆಯದಾಗಿ, ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೊಡನೆ ಮಾತುಕತೆ ನಡೆಸಿ, ಸದಸ್ಯರ ಸರಕಿನ ಪರೀಕ್ಷೆಗೆ ನಿಗದಿತ ಶುಲ್ಕ ಹಾಗೂ ಅವಧಿಯನ್ನು ಗೊತ್ತುಪಡಿಸಿಕೊಳ್ಳಬೇಕು. ಮೂರನೆಯದಾಗಿ, ದೊಡ್ಡ ಖರೀದಿಯ ಸಂದರ್ಭದಲ್ಲಿ ಉಭಯ ಪಕ್ಷದವರ ಸಹಿಯೊಂದಿಗೆ ಮರದ ತುಣುಕೊಂದನ್ನು ಒಣಗಿಸಿ ಕಾಯ್ದಿಡುವ ಪದ್ಧತಿಯನ್ನು ರೂಢಿಗೆ ತರಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ; ವಿವಾದ ಬಂದ ದಿನ ಅದೇ ಸಾಕ್ಷಿಯಾದೀತು.

ಮೆಣಸಿನಕಾಯಿಗೆ ಒದಗಿಸಿದ ಶಿಸ್ತನ್ನು ನಾಟಾಕ್ಕೂ ಒದಗಿಸಲು ನಮ್ಮ ವರ್ತಕ ಬಾಂಧವರು ತಾವಾಗಿಯೇ ಮುಂದಾಗಬೇಕು. ನಿಯಮವು ಮೇಲಿನಿಂದ ಬಂದೆರಗಿದ ಮೇಲೆ ನಮ್ಮ ಮಾತಿಗೆ ಅವಕಾಶ ಉಳಿಯಲಾರದು.